ದೀಪ, ಬೆಂಕಿ, ಬಾವುಟ

ಯಲಹಂಕದಂಥ ಒಳನಾಡಿನ ಊರಿನವರಿಗೆ ದೀಪಸ್ತಂಭ ಎಂದೊಡನೆ ನೆನಪಾಗುವುದು ದೇವಾಲಯದ ಮುಂದಿನ ಕಲ್ಲುಕಂಬ. ಅದೇ ಮಾತು ಕರಾವಳಿಯಲ್ಲಿ ಹಡಗುಗಳಿಗೆ ದಾರಿ ತೋರುವ ಗೋಪುರದ ಹೆಸರು. 1901ರಲ್ಲಿ ಕಾಪುವಿನ ಬಂಡೆಯ ಮೇಲೆ ಎದ್ದ ಗೋಪುರಕ್ಕೂ ಕನ್ನಡಿಗರು ಕೊಟ್ಟಿದ್ದು ಗುಡಿಯಂಗಳದ ಈ ಹಳೆಯ ಪದವನ್ನೇ.

ನಾರ್ವೆಯವರು ಇಂಥ ಗೋಪುರವನ್ನು ‘ಫೀರ್‌ಟೋರ್ನ್’ ಎನ್ನುತ್ತಾರೆ. ‘ಫೀರ್’ ಎಂದರೆ ಮೂಲದಲ್ಲಿ ಬೆಂಕಿ, ‘ಟೋರ್ನ್’ ಎಂದರೆ ಗೋಪುರ. 1656ರಲ್ಲಿ ಲಿಂಡೆಸ್ನೆಸ್‌ನಲ್ಲಿ ಆ ದೇಶದ ಮೊದಲ ಕಡಲದೀಪ ಬೆಳಗಿತು. ಮುಂದೆ ಅಲ್ಲಿ ಕಲ್ಲಿದ್ದಲನ್ನೂ ಉರಿಸಿದರು. ಇಂದು ವಿದ್ಯುದ್ದೀಪ ಬಂದಿದ್ದರೂ ಪದದೊಳಗಿನ ಬೆಂಕಿ ಆರಿಲ್ಲ.

ಮಂಗಳೂರಿನ ಕಥೆ ಬೇರೆ. ಹಳೆಯ ದೀಪಸ್ತಂಭವಿರುವ ಗುಡ್ಡ ಇಂಗ್ಲಿಷಿನಲ್ಲಿ ‘ಲೈಟ್‌ಹೌಸ್ ಹಿಲ್’. ಊರವರ ಬಾಯಲ್ಲಿ ಮಾತ್ರ ಅದು ಬಾವುಟಗುಡ್ಡೆ. ಕರಾವಳಿಯಲ್ಲಿ ಗುಡ್ಡೆ ಎಂದರೆ ಗುಡ್ಡ. ಧ್ವಜವನ್ನು ಹೇಳುವ ಬಾವುಟ ಪದ ಮರಾಠಿಯಲ್ಲೂ ‘ಬಾವಟಾ’ ಎಂದು ಬಳಕೆಯಲ್ಲಿದೆ. ದೀಪವಿದ್ದ ಕಡೆ ಬಾವುಟದ ಹೆಸರೇಕೆ ನಿಂತಿತು?

ದಕ್ಷಿಣ ಕನ್ನಡದಲ್ಲಿ ಪ್ರಚಲಿತವಾದ ಉತ್ತರ 1837ಕ್ಕೆ ಒಯ್ಯುತ್ತದೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಅದಕ್ಕೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳತೊಡಗಿದರು. ರೈತರು ದಂಗೆಯೆದ್ದು ಏಪ್ರಿಲ್‌ನಲ್ಲಿ ಮಂಗಳೂರು ತಲುಪಿದರು. ಈ ಗುಡ್ಡದ ಮೇಲೆ ಬ್ರಿಟಿಷ್ ಧ್ವಜ ಇಳಿಸಿ ತಮ್ಮದನ್ನು ಹಾರಿಸಿದರು ಎಂಬುದು ಜನರ ನೆನಪು. ಸುಮಾರು ಎರಡು ವಾರಗಳಲ್ಲಿ ಬ್ರಿಟಿಷ್ ಸೈನ್ಯ ಮರಳಿತು, ನಾಯಕರನ್ನು ಗಲ್ಲಿಗೇರಿಸಲಾಯಿತು. ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಇದೇ ಗುಡ್ಡದಲ್ಲಿ ಅನಾವರಣಗೊಂಡಿತು.

ಇನ್ನೊಂದು ಸರಳ ಸಾಧ್ಯತೆಯೂ ಇದೆ. ರಾತ್ರಿ ದೀಪವಾದರೆ ಹಗಲು ಬಾವುಟ: ಹಡಗುಗಳಿಗೆ ಧ್ವಜಗಳಿಂದ ಸೂಚನೆ ಕೊಡುವುದು ಬಂದರುಗಳ ಹಳೆಯ ರೂಢಿ.

ಹೀಗೆ ಪದವನ್ನು ಬಿಡಿಸಿದರೆ ಬಾವುಟ ಸಿಗುತ್ತದೆ. ಅದು ಯಾರ ಬಾವುಟ ಎಂಬುದು ಸಿಗದು. ಆದರೆ ಪರಾಕ್ರಮದ ದಂಗೆಯನ್ನು ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹಗುರವಾಗಿ ಕರೆದಿದ್ದ ನಾಡಿನಲ್ಲಿ, ಸೋತವರ ನೆನಪಿಗೆ ನೆಲೆ ಕೊಟ್ಟಿದ್ದು ಈ ಗುಡ್ಡದ ಹೆಸರು. ಕಡಲಿನಿಂದ ಬಂದವರು ಅಲ್ಲಿ ದೀಪ ಕಂಡರು. ನೆಲದವರು ಬಾವುಟ ಕಂಡರು.