ಒಳಚರಂಡಿಯ ನಿರ್ವಹಣೆ ಮತ್ತು ಹಣಕಾಸು: ಕರ್ನಾಟಕದ ಸಣ್ಣ ನಗರಗಳು

ಶೌಚಾಲಯ, ಬಚ್ಚಲು, ಅಡುಗೆಮನೆಗಳ ಕೊಳಚೆ ನೀರನ್ನು ನೆಲದಡಿಯ ಕೊಳವೆಗಳಲ್ಲಿ ಒಟ್ಟುಗೂಡಿಸಿ ಶುದ್ಧೀಕರಣ ಘಟಕಕ್ಕೆ ಸಾಗಿಸುವ ಏರ್ಪಾಡು ಒಳಚರಂಡಿ. ಪುರಸಭೆಯ ಕಡತಗಳಲ್ಲೂ ಜನರ ಮಾತಿನಲ್ಲೂ ಇದು ‘ಯುಜಿಡಿ’. ಈ ಲೇಖನ ಬೆಂಗಳೂರನ್ನು ಬಿಟ್ಟು, ಮುಖ್ಯವಾಗಿ 20 ಸಾವಿರದಿಂದ 50 ಸಾವಿರ ಜನಸಂಖ್ಯೆಯ ಪುರಸಭೆಗಳನ್ನೂ 3 ಲಕ್ಷದವರೆಗಿನ ನಗರಸಭೆಗಳನ್ನೂ ಕುರಿತದ್ದು. ಈ ವಿಷಯದ ಬರಹಗಳು ಹೆಚ್ಚಾಗಿ ಶಂಕುಸ್ಥಾಪನೆ ಮತ್ತು ಉದ್ಘಾಟನೆಯ ವರ್ಷಗಳನ್ನು ಪಟ್ಟಿಮಾಡುತ್ತವೆ. ಕಟ್ಟಿದ ಮೇಲೆ ನಡೆಸಿದವರು ಯಾರು, ಆ ಖರ್ಚು ಯಾವ ಬಾಬತ್ತಿನಿಂದ ಬಂತು ಎಂಬುದು ಅಷ್ಟಾಗಿ ದಾಖಲಾಗಿಲ್ಲ. ಸಣ್ಣ ಊರುಗಳ ಮಟ್ಟಿಗೆ ನಿಜವಾದ ಚರಿತ್ರೆ ಇರುವುದು ಅಲ್ಲಿಯೇ.

ಆರಂಭ

1898ರ ಪ್ಲೇಗ್ ಹಾವಳಿಯ ನಂತರ ಬೆಂಗಳೂರು, ಮೈಸೂರುಗಳಲ್ಲಿ ಹೊಸ ಬಡಾವಣೆಗಳು ಎದ್ದವು, ಚರಂಡಿಗಳ ಸುಧಾರಣೆ ನಡೆಯಿತು. ಮೈಸೂರಿನ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿದ್ದು 1903ರಲ್ಲಿ. ಚಿಕ್ಕ ಊರುಗಳ ಪಾಲಿಗೆ ಉಳಿದದ್ದು ತೆರೆದ ಚರಂಡಿ, ಒಣ ಕಕ್ಕಸು ಮತ್ತು ಮಲ ಹೊರುವ ಕೆಲಸಗಾರರು. ಮಲವನ್ನು ಊರಿನ ಕಸದೊಂದಿಗೆ ಪದರ ಪದರವಾಗಿ ಗುಂಡಿಗಳಲ್ಲಿ ಕೊಳೆಸಿ ಗೊಬ್ಬರ ಮಾಡುವ ‘ಬೆಂಗಳೂರು ವಿಧಾನ’ 1939ರ ಸುಮಾರಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡಿತು. ಹೀಗೆ ಮಾಡಿದ ಗೊಬ್ಬರದ ಮಾರಾಟ ಪುರಸಭೆಗಳಿಗೆ ಒಂದು ಆದಾಯವೂ ಆಗಿತ್ತು. ಜಾತಿಯ ಕಾರಣಕ್ಕೆ ಈ ಕೆಲಸ ಹೊತ್ತವರ ಕೂಲಿ ತೀರ ಕಡಿಮೆ ಇದ್ದುದರಿಂದಲೇ ನೈರ್ಮಲ್ಯದ ವೆಚ್ಚ ಬಜೆಟ್ಟಿನಲ್ಲಿ ಸಣ್ಣ ಮೊತ್ತವಾಗಿ ಕಾಣುತ್ತಿತ್ತು. ಮುಂದಿನ ಲೆಕ್ಕಾಚಾರಗಳೆಲ್ಲ ಈ ಅಗ್ಗದ ದುಡಿಮೆಗೆ ಒಗ್ಗಿಹೋಗಿದ್ದವು ಎಂಬುದನ್ನು ಮರೆತರೆ ಆಮೇಲಿನ ಘಟನೆಗಳು ಅರ್ಥವಾಗುವುದಿಲ್ಲ.

ಮಲ ಹೊರುವ ಪದ್ಧತಿಯ ನಿಷೇಧ: ಯಾರು ಮೊದಲು?

ಇಲ್ಲಿ ಮೂಲಗಳು ಒಂದೇ ಮಾತು ಹೇಳುವುದಿಲ್ಲ. 1968ರಲ್ಲಿ ವಿ.ಎಸ್. ಆಚಾರ್ಯ ಅಧ್ಯಕ್ಷರಾದ ಉಡುಪಿ ಪುರಸಭೆಯೇ ಈ ಪದ್ಧತಿಯನ್ನು ಮೊದಲು ಕೈಬಿಟ್ಟಿತೆಂದು ಕೆಲವು ಬರಹಗಳು ಹೇಳುತ್ತವೆ. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ 1970ರ ದಶಕದ ಮೊದಲ ಭಾಗದಲ್ಲಿ ತಂದ ನಿಷೇಧಕ್ಕೆ ಇನ್ನು ಕೆಲವು ಆ ಗೌರವ ಸಲ್ಲಿಸುತ್ತವೆ. ಎರಡರ ನಡುವೆ ವಿರೋಧವಿಲ್ಲ. ಮೊದಲಿನದು ಒಂದು ಊರಿನ ತೀರ್ಮಾನ, ಎರಡನೆಯದು ಇಡೀ ರಾಜ್ಯಕ್ಕೆ ಅನ್ವಯಿಸಿದ್ದು. ಪರಿಣಾಮದ ವ್ಯಾಪ್ತಿಯಿಂದ ಅಳೆದರೆ ಬಸವಲಿಂಗಪ್ಪನವರ ಹೆಜ್ಜೆಯೇ ದೊಡ್ಡ ತಿರುವು. ಕೇಂದ್ರದ ನಿಷೇಧ ಕಾಯ್ದೆ ಬಂದದ್ದು 1993ರಲ್ಲಿ, ಪುನರ್ವಸತಿಯನ್ನೂ ಒಳಗೊಂಡ ಕಾಯ್ದೆ 2013ರಲ್ಲಿ.

ಒಣ ಕಕ್ಕಸು ಹೋದ ಕಡೆ ಏನು ಬಂತು? ಒಳಚರಂಡಿಗೆ ದುಡ್ಡಿರಲಿಲ್ಲ. ಮನೆಯವರು ತಮ್ಮ ಖರ್ಚಿನಲ್ಲಿ ಹಿತ್ತಲಿನಲ್ಲಿ ಗುಂಡಿ ತೋಡಿಸಿಕೊಂಡರು. ಸಣ್ಣ ಪಟ್ಟಣಗಳ ನೈರ್ಮಲ್ಯದ ಬಂಡವಾಳ ಹೂಡಿಕೆಯ ಬಹುಭಾಗ ಹೀಗೆ ಖಾಸಗಿಯಾಗಿ ನಡೆದುಹೋದದ್ದರಿಂದ ಯಾವ ಸರ್ಕಾರಿ ಲೆಕ್ಕದಲ್ಲೂ ಕಾಣುವುದಿಲ್ಲ. ಗುಂಡಿ ತುಂಬಿದಾಗ ಬರಿದು ಮಾಡುವ ಕೆಲಸ ಮತ್ತೆ ಅದೇ ಸಮುದಾಯಗಳ ಮೇಲೆ ಬಿತ್ತು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಮ್ಮನ್ನು ವಾಸದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಭಂಗಿ ಸಮುದಾಯದವರು ಮೈಗೆ ಮಲ ಬಳಿದುಕೊಂಡು ಪ್ರತಿಭಟಿಸಿದರು. ನಿಷೇಧವಾಗಿ ಮೂರು ದಶಕ ದಾಟಿದ ಮೇಲೂ ಒಂದು ಪುರಸಭೆಯ ಊರಿನಲ್ಲಿ ಏನು ಉಳಿದಿತ್ತು ಎಂಬುದನ್ನು ನಾಡು ಕಂಡದ್ದು ಆಗ.

ಮಂಡಳಿ ಮತ್ತು ಹಸ್ತಾಂತರ

ಬೆಂಗಳೂರಿನ ಜಲಮಂಡಳಿ 1964ರದು. ಉಳಿದ ನಗರಗಳಿಗಾಗಿ ಬಂದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ ಬೇರೆಬೇರೆ ಕಡೆ ಬೇರೆಬೇರೆ ವರ್ಷ ನಮೂದಾಗಿದೆ. ಕಾಯ್ದೆಯ ಹೆಸರಿನಲ್ಲಿರುವುದು 1973, ಅದರ ಕ್ರಮಸಂಖ್ಯೆ 1974ರ 25, ಮಂಡಳಿ ಅಸ್ತಿತ್ವಕ್ಕೆ ಬಂದದ್ದು 1975.

ವರ್ಷಕ್ಕಿಂತ ಮುಖ್ಯವಾದದ್ದು ಅಂದು ರೂಢಿಯಾದ ಕೆಲಸದ ಹಂಚಿಕೆ. ಮಂಡಳಿ ಯೋಜನೆ ರೂಪಿಸಿ ಕಾಮಗಾರಿ ಮುಗಿಸುತ್ತದೆ, ಪುರಸಭೆ ಅದನ್ನು ವಹಿಸಿಕೊಂಡು ನಡೆಸುತ್ತದೆ. ಎಂಜಿನಿಯರುಗಳಿರುವುದು ಮಂಡಳಿಯಲ್ಲಿ, ಕರೆಂಟ್ ಬಿಲ್ಲು ಬರುವುದು ಪುರಸಭೆಗೆ. ಕೊಳಚೆಯನ್ನು ಮೇಲೆತ್ತುವ ವೆಟ್‌ವೆಲ್‌ಗಳ ಪಂಪು ದಿನವೂ ಓಡಬೇಕು, ಡೀಸೆಲ್ ಜನರೇಟರ್ ಬೇಕು, ಕಟ್ಟಿಕೊಂಡ ಮ್ಯಾನ್‌ಹೋಲ್ ತೆರವು ಮಾಡುವ ಯಂತ್ರ ಬೇಕು. ಇವುಗಳಿಗೆ ಯೋಜನೆಯ ಅಂದಾಜುಪಟ್ಟಿಯಲ್ಲಿ ಜಾಗವಿಲ್ಲ. ಹಸ್ತಾಂತರದ ಕಡತ ಎರಡು ಕಚೇರಿಗಳ ನಡುವೆ ಓಡಾಡುತ್ತಿರುವಾಗ ಘಟಕ ನಡೆಸುವ ಹೊಣೆ ಇಬ್ಬರದೂ ಅಲ್ಲದ ಸ್ಥಿತಿ ಬರುತ್ತದೆ.

ತಾಂತ್ರಿಕ ಮಾನದಂಡವೂ ಸಣ್ಣ ಊರಿನ ಕೈಕಟ್ಟುತ್ತದೆ. ಕೇಂದ್ರದ ಕೈಪಿಡಿಯ ಪ್ರಕಾರ ಒಳಚರಂಡಿ ಇರುವ ಊರಿಗೆ ತಲಾ ದಿನಕ್ಕೆ 135 ಲೀಟರ್ ನೀರು ಬೇಕು, ಇಲ್ಲದ ಊರಿಗೆ 70 ಲೀಟರ್ ಸಾಕು. ಕೊಳವೆಯೊಳಗಿನ ಹೊಲಸು ತಳದಲ್ಲಿ ಕೂರದಂತೆ ಸಾಗಬೇಕಾದರೆ ಹರಿವಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಇರಬೇಕು. ವಾರಕ್ಕೊಮ್ಮೆ ನಲ್ಲಿ ನೀರು ಕಾಣುವ ಬಯಲುಸೀಮೆಯ ಪಟ್ಟಣದಲ್ಲಿ ಆ ಹರಿವು ಎಲ್ಲಿಂದ ಬರಬೇಕು? ಕೊಳವೆಗಳನ್ನು 30 ವರ್ಷ ಮುಂದಿನ ಜನಸಂಖ್ಯೆಗೆ ತಕ್ಕಂತೆ ಹಾಕಿರುತ್ತಾರೆ. ಮೊದಲ ವರ್ಷಗಳಲ್ಲಿ ಮನೆ ಸಂಪರ್ಕ ಕಡಿಮೆ, ನೀರು ಕಡಿಮೆ. ಹಾಗಾಗಿ ಹೊಸ ಕೊಳವೆಯೇ ಬೇಗ ಕಟ್ಟಿಕೊಳ್ಳುತ್ತದೆ.

ಸಾಲದ ದಶಕಗಳು

1993ರಲ್ಲಿ ಎರಡು ಬದಲಾವಣೆಗಳಾದವು. ನಗರ ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನಾತ್ಮಕ ಸ್ಥಾನ ಕೊಟ್ಟ 74ನೇ ತಿದ್ದುಪಡಿ ಜಾರಿಗೆ ಬಂತು. ಹೊರಗಿನ ಸಾಲ ತಂದು ನಗರಗಳಿಗೆ ಹಂಚುವ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮವೂ ಸ್ಥಾಪನೆಯಾಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವು ಮೊದಲು ಮೈಸೂರು, ತುಮಕೂರು, ರಾಮನಗರ, ಚನ್ನಪಟ್ಟಣಗಳಿಗೆ ಬಂತು. 1999ರಲ್ಲಿ ಮಂಜೂರಾದ ಕರಾವಳಿ ಯೋಜನೆ ಮಂಗಳೂರು, ಉಡುಪಿಗಳಿಂದ ಶಿರಸಿ, ದಾಂಡೇಲಿಯವರೆಗೆ ಹತ್ತು ಊರುಗಳದು, 2006ರ ಉತ್ತರ ಕರ್ನಾಟಕ ಯೋಜನೆ 25 ಊರುಗಳದು. ಇದೇ ಅವಧಿಯಲ್ಲಿ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಡಿ ಭದ್ರಾವತಿ, ಹರಿಹರ, ನಂಜನಗೂಡು, ಕೊಳ್ಳೇಗಾಲದಂತಹ ನದಿದಡದ ಊರುಗಳೂ ಹಣ ಪಡೆದವು. 2005ರ ನಂತರ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಕೇಂದ್ರ ಯೋಜನೆಯಲ್ಲಿ ವೆಚ್ಚದ ಶೇ 80 ಭಾಗ ಕೇಂದ್ರದ್ದು, ಶೇ 10 ಭಾಗ ರಾಜ್ಯದ್ದು, ಉಳಿದ ಶೇ 10 ಭಾಗ ಸ್ಥಳೀಯ ಸಂಸ್ಥೆಯದು.

ಪದೇಪದೇ ಉಲ್ಲೇಖವಾಗುವ ಒಂದು ತಪ್ಪನ್ನು ಇಲ್ಲಿ ತಿದ್ದಬೇಕು. 2005ರಲ್ಲಿ ಎಂಟು ಸ್ಥಳೀಯ ಸಂಸ್ಥೆಗಳ ಪರವಾಗಿ 100 ಕೋಟಿ ರೂಪಾಯಿಯ ಬಾಂಡ್ ಎತ್ತಿದ ಸಾಮೂಹಿಕ ನಿಧಿಯನ್ನು ಸಣ್ಣ ನಗರಗಳು ಒಳಚರಂಡಿಗೆ ಮಾರುಕಟ್ಟೆಯಿಂದ ಹಣ ತಂದ ಮಾದರಿ ಎನ್ನುವುದುಂಟು. ಆ ಎಂಟೂ ಬೆಂಗಳೂರಿಗೆ ಅಂಟಿಕೊಂಡಿದ್ದ ಯಲಹಂಕ, ಕೆಂಗೇರಿ, ಬೊಮ್ಮನಹಳ್ಳಿಯಂತಹವು. ಬಾಂಡ್ ಹಣ ಹೋದದ್ದು ಕುಡಿಯುವ ನೀರಿಗೆ. 2007ರಲ್ಲಿ ಅವು ಬೃಹತ್ ಬೆಂಗಳೂರು ಪಾಲಿಕೆಯಲ್ಲಿ ಸೇರಿಹೋದವು. ದೂರದ ಒಂದು ಪುರಸಭೆಗೆ ಇದರಿಂದ ಕಲಿಯಲು ಸಿಗುವುದು ಕಡಿಮೆ.

ಲೆಕ್ಕ

ಸಣ್ಣ ನಗರಗಳ ಒಳಚರಂಡಿ ಹಣಕಾಸಿನಲ್ಲಿ 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಅಲ್ಲಿಯವರೆಗೆ ಬಂದ ಹಣ, ಹೋದ ಹಣ ಬರೆದರೆ ಮುಗಿಯುತ್ತಿತ್ತು. ಜೋಡಿ ನಮೂದು ಪದ್ಧತಿ ಬಂದ ಮೇಲೆ ಪಂಪು, ಕೊಳವೆ, ಘಟಕಗಳು ಆಸ್ತಿಯಾಗಿ ದಾಖಲಾದವು, ಅವುಗಳ ಸವಕಳಿ ವರ್ಷಾವರ್ಷ ಖರ್ಚಾಗಿ ಕಾಣತೊಡಗಿತು. ಕಾಣುವುದೇ ಬೇರೆ, ಅದಕ್ಕೆ ಹಣ ತೆಗೆದಿಡುವುದೇ ಬೇರೆ. ಪಂಪಿನಂತಹ ಯಂತ್ರಗಳ ಆಯುಷ್ಯ ಹದಿನೈದು ವರ್ಷದ ಆಸುಪಾಸು. ಬದಲಿಸುವ ನಿಧಿ ಇಲ್ಲದ ಪುರಸಭೆ ಆಗ ಮುಂದಿನ ಸರ್ಕಾರಿ ಯೋಜನೆಗೆ ಕಾಯುತ್ತದೆ.

ಆದಾಯದ ಕಡೆ ಇರುವುದು ಒಂದು ಬಾರಿಯ ಸಂಪರ್ಕ ಶುಲ್ಕ, ತಿಂಗಳ ಯುಜಿಡಿ ಶುಲ್ಕ, ಆಸ್ತಿ ತೆರಿಗೆ, ಹಣಕಾಸು ಆಯೋಗಗಳ ಅನುದಾನ. ಸಂಪರ್ಕಕ್ಕೆ ರಸ್ತೆ ಅಗೆಸಿ ಕೊಳವೆ ಹಾಕಿಸುವ ಖರ್ಚು ಮನೆಯವರದು. ಹಿತ್ತಲಿನ ಗುಂಡಿ ಸರಿಯಾಗಿಯೇ ಇರುವಾಗ ಬಡ ಕುಟುಂಬ ಆ ಹಣ ಹೊಂದಿಸಲು ಮುಂದಾಗದಿರುವುದು ಸಹಜ. ಸಂಪರ್ಕವಿಲ್ಲದಿದ್ದರೆ ಶುಲ್ಕವಿಲ್ಲ, ಶುಲ್ಕವಿಲ್ಲದಿದ್ದರೆ ನಿರ್ವಹಣೆಯಿಲ್ಲ. ಊರಿಗೆ ‘ಯುಜಿಡಿ ಆಗಿದೆ’ ಎಂಬ ವರದಿ ಬೀದಿಯಲ್ಲಿ ಹಾಕಿದ ಕೊಳವೆಯ ಉದ್ದವನ್ನು ಹೇಳುತ್ತದೆಯೋ, ಸಂಪರ್ಕ ಪಡೆದ ಮನೆಗಳನ್ನೋ ಎಂದು ನೋಡಿಯೇ ಅಂಕಿಗಳನ್ನು ಹೋಲಿಸಬೇಕು.

ದೇವನಹಳ್ಳಿ

2011ರ ಗಣತಿಯಲ್ಲಿ ಸುಮಾರು 28 ಸಾವಿರ ಜನರಿದ್ದ ದೇವನಹಳ್ಳಿ ಪುರಸಭೆ ಬೇರೆ ದಾರಿ ಹಿಡಿಯಿತು. ಗುಂಡಿಗಳು ಇರುವಲ್ಲಿಯೇ ಇರಲಿ, ಅವುಗಳಿಂದ ಹೀರಿ ತಂದದ್ದನ್ನು ಶುದ್ಧೀಕರಿಸೋಣ ಎಂಬುದು ಇದರ ತಿರುಳು. ಸಿಡಿಡಿ ಸೊಸೈಟಿ ಎಂಬ ಸಂಸ್ಥೆ ವಿನ್ಯಾಸಗೊಳಿಸಿದ, ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯದ ಮಲತ್ಯಾಜ್ಯ ಶುದ್ಧೀಕರಣ ಘಟಕ 2015ರಲ್ಲಿ ಕೆಲಸ ಆರಂಭಿಸಿತು. ಊರಿನ ಮಟ್ಟದ ಇಂತಹ ಘಟಕಗಳಲ್ಲಿ ದೇಶಕ್ಕೆ ಇದೇ ಮೊದಲನೆಯದೆಂದು ಪರಿಗಣಿಸಲಾಗಿದೆ. ತ್ಯಾಜ್ಯ ಇಳಿಜಾರಿನಲ್ಲಿ ತಾನಾಗಿ ಹರಿಯುವುದರಿಂದ ವಿದ್ಯುತ್ತಿನ ಖರ್ಚು ಅತ್ಯಲ್ಪ. ಒಣಗಿದ ಗಸಿಯನ್ನು ಊರಿನ ಹಸಿ ಕಸದೊಂದಿಗೆ ಗೊಬ್ಬರ ಮಾಡುತ್ತಾರೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಲತ್ಯಾಜ್ಯ ನಿರ್ವಹಣೆಯ ರಾಷ್ಟ್ರೀಯ ನೀತಿ ಪ್ರಕಟಿಸಿತು. ಕೊಳವೆ ಜಾಲಕ್ಕೆ ಹೋಲಿಸಿದರೆ ಗುಂಡಿಯಿಂದ ಹೀರಿ ಶುದ್ಧೀಕರಿಸುವ ಈ ವಿಧಾನದ ವೆಚ್ಚ ಬಹಳ ಕಡಿಮೆ, ಆದರೆ ಬಚ್ಚಲು ನೀರಿನ ಸಮಸ್ಯೆಯನ್ನು ಇದು ಮುಟ್ಟುವುದಿಲ್ಲ. ಅದು ತೆರೆದ ಚರಂಡಿಯಲ್ಲಿ ಕೆರೆ ಸೇರುತ್ತಲೇ ಇರುತ್ತದೆ.

2017ರ ನಂತರ

ನಗರಗಳ ತ್ಯಾಜ್ಯನೀರಿನ ಮರುಬಳಕೆ ಕುರಿತ 2017ರ ಡಿಸೆಂಬರಿನ ರಾಜ್ಯ ನೀತಿ ಶುದ್ಧೀಕರಿಸಿದ ನೀರನ್ನು ಮಾರಬಹುದಾದ ವಸ್ತುವೆಂದು ನೋಡಿತು. ಮಂಗಳೂರಿನಲ್ಲಿ ವಿಶೇಷ ಆರ್ಥಿಕ ವಲಯ ಅಂತಹ ನೀರನ್ನು ಪಡೆಯುತ್ತದೆ. ಹತ್ತಿರದಲ್ಲಿ ಕೈಗಾರಿಕೆ ಇಲ್ಲದ ಪುರಸಭೆಗೆ ಕೊಳ್ಳುವವರು ರೈತರು, ಅವರಿಂದ ಪಂಪಿನ ಖರ್ಚು ಹುಟ್ಟುವಷ್ಟು ದರ ಸಿಗುವುದಿಲ್ಲ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಸಣ್ಣ ನಗರಗಳ ಅನುದಾನದ ಶೇ 60 ಭಾಗವನ್ನು ನೈರ್ಮಲ್ಯ ಮತ್ತು ನೀರಿಗೆ ಕಟ್ಟಿಹಾಕಿತು. 2021ರ ಸ್ವಚ್ಛ ಭಾರತ ಎರಡನೇ ಹಂತ ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳ ಬಳಸಿದ ನೀರಿಗೆ ಮೊದಲ ಬಾರಿ ಪ್ರತ್ಯೇಕ ಹಣ ಇಟ್ಟಿತು. ದ್ರವ ಮತ್ತು ಘನ ತ್ಯಾಜ್ಯ ನಿರ್ವಹಣೆಯ ಲೋಪಕ್ಕಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರಿನಲ್ಲಿ ಕರ್ನಾಟಕಕ್ಕೆ 2,900 ಕೋಟಿ ರೂಪಾಯಿ ಪರಿಹಾರ ವಿಧಿಸಿತು.

ಯಂತ್ರ ಕೊಳ್ಳದ ಪುರಸಭೆಯ ಉಳಿತಾಯಕ್ಕೆ ಬೆಲೆ ತೆತ್ತವರು ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕರು. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರ ಮಾರ್ಚ್ 27ರಂದು ಆದೇಶಿಸಿತ್ತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.