ಸಂಶೋಧನೆಯ ಹೊಸ್ತಿಲಲ್ಲಿ ಎಂ.ಎ.: ಚಿಕ್ಕೋಡಿ ಸೀಮೆ ಮತ್ತು ಸಮಾಜಶಾಸ್ತ್ರದ ಓದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಭಾರತೀಯ ಸಮಾಜಶಾಸ್ತ್ರಕ್ಕೆ ಬಹುಕಾಲದಿಂದ ಅಧ್ಯಯನದ ಸಾಮಗ್ರಿಯನ್ನು ಒದಗಿಸುತ್ತ ಬಂದಿವೆ. ಆದರೆ ಆ ಶಾಸ್ತ್ರವನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿತು ಪಿಎಚ್.ಡಿ. ಸಂಶೋಧನೆಗೆ ಅಣಿಯಾಗಬಯಸಿದ ಅಲ್ಲಿನ ವಿದ್ಯಾರ್ಥಿಗಳು ಬಹುಪಾಲು ಊರು ಬಿಟ್ಟೇ ಓದಬೇಕಾಯಿತು. ಅವರ ದಾರಿ ಮುಂಬಯಿಗೋ, ಕೊಲ್ಹಾಪುರಕ್ಕೋ, ಧಾರವಾಡಕ್ಕೋ ಎಂಬುದು ಸ್ವಂತ ಆಯ್ಕೆಗಿಂತ ಹೆಚ್ಚಾಗಿ ಆಯಾ ಕಾಲದ ಆಡಳಿತದ ಗಡಿಗಳಿಂದ ತೀರ್ಮಾನವಾಗುತ್ತಿತ್ತು. ಚಿಕ್ಕೋಡಿ ಮತ್ತು ಅಥಣಿ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿದ್ದರೆ, ರಾಯಬಾಗ 1949ರ ವಿಲೀನದವರೆಗೂ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ. 50ರಷ್ಟು ಸ್ಥಾನಗಳನ್ನು ಮೀಸಲಿಟ್ಟ, ಆ ಸಂಸ್ಥಾನದ ಅರಸ ಶಾಹೂ ಮಹಾರಾಜರ 1902ರ ಆಜ್ಞೆ ರಾಯಬಾಗಕ್ಕೂ ಅನ್ವಯಿಸುತ್ತಿತ್ತು. ಕೊಲ್ಹಾಪುರದಲ್ಲಿ ಮರಾಠ, ಜೈನ, ಲಿಂಗಾಯತ ಮೊದಲಾದ ಸಮುದಾಯಗಳಿಗಾಗಿ ತೆರೆದ ವಿದ್ಯಾರ್ಥಿನಿಲಯಗಳು ಹಳ್ಳಿಯ ಮಕ್ಕಳಿಗೆ ಕಾಲೇಜು ಶಿಕ್ಷಣವನ್ನು ಎಟಕುವಂತೆ ಮಾಡಿದವು.

ಸಮಾಜಶಾಸ್ತ್ರ ಒಂದು ಸ್ವತಂತ್ರ ವಿಷಯವಾಗಿ ಈ ಭಾಗಕ್ಕೆ ಬಂದದ್ದು ಮುಂಬಯಿ ವಿಶ್ವವಿದ್ಯಾಲಯದ ಮೂಲಕ. ಅಲ್ಲಿ 1919ರಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ನೇತೃತ್ವದಲ್ಲಿ ಆರಂಭವಾದ ವಿಭಾಗವನ್ನು 1924ರಲ್ಲಿ ಜಿ.ಎಸ್. ಘುರ್ಯೆ ವಹಿಸಿಕೊಂಡು ಮೂರು ದಶಕಕ್ಕೂ ಹೆಚ್ಚು ಕಾಲ ಮುನ್ನಡೆಸಿದರು. ಅವರ ಕೈಕೆಳಗಿನ ಎಂ.ಎ. ಇಂದಿನ ಎಂ.ಎ.ಗಿಂತ ಭಿನ್ನವಾದುದಾಗಿತ್ತು. ವಿದ್ಯಾರ್ಥಿ ಒಂದು ಸಮುದಾಯವನ್ನೋ ಸಂಸ್ಥೆಯನ್ನೋ ಆರಿಸಿಕೊಂಡು, ಆ ಕುರಿತ ಗ್ರಂಥಗಳನ್ನೂ ಗ್ಯಾಸೆಟಿಯರುಗಳನ್ನೂ ಶೋಧಿಸಿ, ಸಾಧ್ಯವಾದಲ್ಲಿ ಜನರ ನಡುವೆ ಹೋಗಿ ಮಾಹಿತಿ ಕಲೆಹಾಕಿ, ಪ್ರಬಂಧವೊಂದನ್ನು ಬರೆದು ಪದವಿ ಪಡೆಯುವ ಕ್ರಮ ಅಲ್ಲಿತ್ತು. ಇರಾವತಿ ಕರ್ವೆ ಅವರು ಚಿತ್ಪಾವನ ಬ್ರಾಹ್ಮಣರನ್ನು ಕುರಿತ ಪ್ರಬಂಧಕ್ಕೆ 1928ರಲ್ಲಿ ಎಂ.ಎ. ಪಡೆದು ಬರ್ಲಿನ್ನಿಗೆ ಹೋದರು. ಮೈಸೂರಿನ ಎಂ.ಎನ್. ಶ್ರೀನಿವಾಸ್ ಅದೇ ವಿಭಾಗದಲ್ಲಿ ಎಂ.ಎ.ಗಾಗಿ ಮೈಸೂರು ಸಂಸ್ಥಾನದ ಕನ್ನಡ ಜಾತಿಗಳ ವಿವಾಹ ಮತ್ತು ಕುಟುಂಬವನ್ನು ಕುರಿತು ಬರೆದ ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಮುಂದೆ ಕೊಡವರ ಮೇಲಿನ ಪಿಎಚ್.ಡಿ. ಮತ್ತು ಆಕ್ಸ್‌ಫರ್ಡಿನ ಡಾಕ್ಟರೇಟ್ ಬಂದವು. ಕೆಳಜಾತಿಯೊಂದು ಮೇಲಿನ ಜಾತಿಯ ಆಚಾರ, ಆಹಾರ, ವಿಧಿಗಳನ್ನು ಅನುಸರಿಸಿ ಸ್ಥಾನಮಾನ ಏರಿಸಿಕೊಳ್ಳಲು ಯತ್ನಿಸುವ ಪ್ರಕ್ರಿಯೆಯನ್ನು ಹೇಳುವ ‘ಸಂಸ್ಕೃತಾನುಕರಣ’ ಎಂಬ ಪರಿಕಲ್ಪನೆ ಬೆಳೆದದ್ದು ಈ ದೀರ್ಘ ತಯಾರಿಯಿಂದಲೇ. ಆ ಕ್ರಮದಲ್ಲಿ ಸಂಶೋಧನೆ ಎಂ.ಎ. ಮುಗಿದ ಮೇಲೆ ಶುರುವಾಗುತ್ತಿರಲಿಲ್ಲ, ಎಂ.ಎ.ಯೇ ಅದರ ಮೊದಲ ಸುತ್ತಾಗಿತ್ತು.

ಚಿಕ್ಕೋಡಿ ಸೀಮೆಗೆ ಈ ಪರಂಪರೆ ಅತಿ ಹತ್ತಿರ ಬಂದದ್ದು ವಿಲಾಸ ಆದಿನಾಥ ಸಂಗವೆ ಅವರಲ್ಲಿ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿಯೂ ನಂತರ ಶಿವಾಜಿ ವಿಶ್ವವಿದ್ಯಾಲಯದಲ್ಲಿಯೂ ಸಮಾಜಶಾಸ್ತ್ರ ಕಲಿಸಿದ ಅವರು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಮಹಾಪ್ರಬಂಧ 1959ರಲ್ಲಿ ಜೈನ ಸಮುದಾಯದ ಸಾಮಾಜಿಕ ಸಮೀಕ್ಷೆಯಾಗಿ ಪ್ರಕಟವಾಯಿತು. ಧರ್ಮವನ್ನು ತತ್ತ್ವಗ್ರಂಥಗಳಿಂದ ಮಾತ್ರವಲ್ಲದೆ ಅದನ್ನು ಪಾಲಿಸುವ ಜನರ ಒಳಪಂಗಡ, ಮದುವೆ, ಕಸುಬು, ಸಂಘಟನೆಗಳಿಂದ ಅರಿಯಬೇಕೆಂಬ ನಿಲುವು ಆ ಗ್ರಂಥದ್ದು. ಅಂಥ ಓದಿಗೆ ವಸ್ತು ಇಲ್ಲಿಯೇ ಇದೆ: ದಿಗಂಬರ ಮುನಿಗಳಾದ ಆಚಾರ್ಯ ಶಾಂತಿಸಾಗರರ ಭೋಜ, ಆಚಾರ್ಯ ವಿದ್ಯಾನಂದರ ಶೇಡಬಾಳ, ಆಚಾರ್ಯ ವಿದ್ಯಾಸಾಗರರ ಸದಲಗಾ, ಈ ಮೂರೂ ಊರುಗಳು ಪ್ರಸ್ತುತ ಸೀಮೆಯೊಳಗೇ ಇವೆ. ಇಪ್ಪತ್ತನೆಯ ಶತಮಾನದ ದಿಗಂಬರ ಮುನಿಪರಂಪರೆಗೆ ಇಷ್ಟು ಸಣ್ಣ ಪ್ರದೇಶದ ಜೈನ ಕುಟುಂಬಗಳಿಂದ ಇಷ್ಟು ಮಂದಿ ನಾಯಕರು ಬಂದದ್ದೇಕೆ ಎಂಬ ಪ್ರಶ್ನೆಯೊಂದೇ ಒಂದು ಪಿಎಚ್.ಡಿ.ಗೆ ಸಾಲುವಷ್ಟು ದೊಡ್ಡದು.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಗೊಂಡು ಧಾರವಾಡದಲ್ಲಿ ನೆಲೆಯೂರಿದ ಮೇಲೆ, ಅದರಲ್ಲೂ 1956ರ ರಾಜ್ಯ ಪುನರ್ವಿಂಗಡಣೆಯ ನಂತರ, ಬೆಳಗಾವಿ ಜಿಲ್ಲೆಯ ವಿದ್ಯಾರ್ಥಿಗಳ ಮುಖ ದಕ್ಷಿಣಕ್ಕೆ ತಿರುಗಿತು. ಅಲ್ಲಿ ಪಾಠ ಹೇಳಿದ ಕೆ. ಈಶ್ವರನ್ ‘ಶಿವಪುರ’ ಎಂಬ ಕಲ್ಪಿತ ಹೆಸರಿನಿಂದ ಗುರುತಿಸಿದ ಹಳ್ಳಿಯ ಅಧ್ಯಯನ 1968ರಲ್ಲಿ ಹೊರಬಂದು, ಉತ್ತರ ಕರ್ನಾಟಕದ ಹಳ್ಳಿಯೂ ಸಮಾಜಶಾಸ್ತ್ರದ ಗಂಭೀರ ವಿಷಯವೆಂಬುದನ್ನು ಸ್ಥಾಪಿಸಿತು. ಅಷ್ಟರಲ್ಲಿ, 1962ರಲ್ಲಿ, ಕೊಲ್ಹಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಹುಟ್ಟಿತ್ತು. ನಿಪ್ಪಾಣಿ ಪಟ್ಟಣಕ್ಕೆ ಅಂಟಿಕೊಂಡಿರುವ ಅರ್ಜುನನಗರದ ದೇವಚಂದ ಕಾಲೇಜು ಮಹಾರಾಷ್ಟ್ರದ ಕಾಗಲ್ ತಾಲ್ಲೂಕಿಗೆ ಸೇರಿ ಆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದರೆ, ನಿಪ್ಪಾಣಿಯ ಜಿ.ಐ. ಬಾಗೇವಾಡಿ ಕಾಲೇಜು ಧಾರವಾಡದ ವ್ಯಾಪ್ತಿಯಲ್ಲಿತ್ತು. ಒಂದೇ ಪೇಟೆಯ ಮಕ್ಕಳು ಎರಡು ರಾಜ್ಯಗಳ ಪಠ್ಯಕ್ರಮ ಓದುವ ಈ ಸ್ಥಿತಿಯಿಂದ ಒಂದು ಗುಂಪು ಮರಾಠಿಯಲ್ಲಿ ಬರೆದ ಸಮಾಜಚಿಂತನೆಯನ್ನೂ ಇನ್ನೊಂದು ಕನ್ನಡದ್ದನ್ನೂ ಅರಿಯದೆ ಉಳಿಯುವಂತಾದುದು ನಿಜವಾದ ನಷ್ಟ.

ನಷ್ಟವೆನ್ನಲು ಕಾರಣ ಕ್ಷೇತ್ರದ ಸಮೃದ್ಧಿಯಲ್ಲಿದೆ. ಜಾತಿಯೊಳಗೇ ಮದುವೆಯಾಗಬೇಕೆಂಬ ಕಟ್ಟುಪಾಡೇ ಜಾತಿಪದ್ಧತಿಯ ತಿರುಳೆಂದು 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ವಿದ್ಯಾರ್ಥಿಯಾಗಿ ವಾದಿಸಿದ್ದ ಅಂಬೇಡ್ಕರ್, 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಸೇರಿದ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿನಲ್ಲಿ ಪಾಲ್ಗೊಂಡರು. ಅದೇ ನಿಪ್ಪಾಣಿಯ ತಂಬಾಕು ಬೆಳೆಗಾರರು 1981ರಲ್ಲಿ ಶರದ್ ಜೋಶಿ ನಾಯಕತ್ವದಲ್ಲಿ ಹೆದ್ದಾರಿ ತಡೆದು ಪೊಲೀಸರ ಗುಂಡಿಗೆ ಜೀವ ತೆತ್ತರು. ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳು ಸಂಘ ಕಟ್ಟಿದ ಬಗೆಯನ್ನು ಮುಂಬಯಿಯ ಛಾಯಾ ದಾತಾರ್ 1989ರ ತಮ್ಮ ಗ್ರಂಥದಲ್ಲಿ ದಾಖಲಿಸಿದರು. ಅಥಣಿ ತಾಲ್ಲೂಕಿನ ಕೊಕಟನೂರಿನ ಯಲ್ಲಮ್ಮನ ಜಾತ್ರೆ ದೇವದಾಸಿ ಪದ್ಧತಿಯ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಪದ್ಧತಿಯ ಕುರಿತು ಜೋಗನ್ ಶಂಕರ್ 1990ರಲ್ಲಿ ಸಮಾಜಶಾಸ್ತ್ರೀಯ ವಿಶ್ಲೇಷಣೆ ಪ್ರಕಟಿಸಿದರೆ, ಅಮೆರಿಕದ ಲೂಸಿಂಡಾ ರ‍್ಯಾಂಬರ್ಗ್ ಉತ್ತರ ಕರ್ನಾಟಕದ ಜೋಗತಿಯರ ನಡುವೆ ನಡೆಸಿದ ಅಧ್ಯಯನ 2014ರಲ್ಲಿ ಪುಸ್ತಕವಾಯಿತು. ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯನ್ನು ಅಥಣಿಯಲ್ಲಿ ಹೊಲಿಯುವ ಸಮಗಾರರ ಮನೆಗಳು, ಉಗಾರದಿಂದ ಆರಂಭಗೊಂಡ ಸಕ್ಕರೆ ಕಾರ್ಖಾನೆಗಳ ಸುತ್ತ ಬೆಳೆದ ಅಧಿಕಾರ, ಕಬ್ಬು ಕಡಿಯುವವರ ವಲಸೆ, ಇವೂ ಸಂಶೋಧಕರ ಕಣ್ಣಮುಂದೆಯೇ ಇವೆ. ಹೊರಗಿನವರ ಅಧ್ಯಯನಗಳು ಬೆಲೆಯುಳ್ಳವೇ ಆದರೂ, ಎರಡೂ ಭಾಷೆಗಳನ್ನು ಮನೆಯಲ್ಲೇ ಕೇಳಿ ಬೆಳೆದ ಸ್ಥಳೀಯ ವಿದ್ಯಾರ್ಥಿಗೆ ಸಿಗುವ ಪ್ರವೇಶ ಬೇರೆಯದೇ ಆಗಿರುತ್ತದೆ.

ಆ ಪ್ರವೇಶವನ್ನು ಶಾಸ್ತ್ರವಾಗಿ ಪರಿವರ್ತಿಸುವ ಹೊಣೆ ಎಂ.ಎ. ತರಗತಿಯದು. ಬೆಳಗಾವಿಯಲ್ಲಿ 1982ರಲ್ಲಿ ಆರಂಭವಾದ ಸ್ನಾತಕೋತ್ತರ ಕೇಂದ್ರ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಿ, ಓದು ಜಿಲ್ಲೆಯೊಳಗೇ ದೊರೆಯತೊಡಗಿತು. ಆದರೆ ಈ ನಡುವೆ ದೇಶದೆಲ್ಲೆಡೆ ಎಂ.ಎ. ಪತ್ರಿಕೆಗಳ ಪರೀಕ್ಷೆಯಾಗಿ ಮಾರ್ಪಟ್ಟಿತ್ತು. ಅಧ್ಯಾಪಕ ಹುದ್ದೆಗೂ ಸಂಶೋಧನಾ ವೇತನಕ್ಕೂ ಬೇಕಾದ ನೆಟ್ ಪರೀಕ್ಷೆ ಸರಿಯುತ್ತರ ಆರಿಸುವ ಸಾಮರ್ಥ್ಯವನ್ನು ಅಳೆಯುತ್ತದೆಯೇ ಹೊರತು ಪ್ರಶ್ನೆ ರೂಪಿಸುವುದನ್ನಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ಪಿಎಚ್.ಡಿ.ಗೆ ಸೇರಿದವರಿಗೆ ಸಂಶೋಧನಾ ವಿಧಾನವನ್ನು ಕಲಿಸುವ ಕೋರ್ಸ್‌ವರ್ಕ್ ಕಡ್ಡಾಯಗೊಳಿಸಿದ್ದು, ಘುರ್ಯೆಯವರ ಕಾಲದಲ್ಲಿ ಎಂ.ಎ.ಯಲ್ಲೇ ಆಗುತ್ತಿದ್ದ ಕೆಲಸ ಮುಂದಕ್ಕೆ ಹೋಗಿತ್ತೆಂಬುದಕ್ಕೆ ಸಾಕ್ಷಿ. ಅಷ್ಟರಿಂದಲೂ ಸಾಲದು: ರಾಯಬಾಗದ ಭೂಹಿಡುವಳಿಯ ಇತಿಹಾಸ ಬರೆಯಹೊರಟವರು ಮರಾಠಿಯ ಹಳೆಯ ಬರವಣಿಗೆಯಾದ ಮೋಡಿ ಲಿಪಿಯಲ್ಲಿರುವ ಕೊಲ್ಹಾಪುರ ದರ್ಬಾರಿನ ದಾಖಲೆಗಳನ್ನು ಓದಬಲ್ಲವರಾಗಬೇಕು, ಅದಕ್ಕೆ ಎಂ.ಎ.ಯ ಎರಡು ವರ್ಷಗಳೇ ತಕ್ಕ ಕಾಲ.

ಆಯೋಗದ 2022ರ ನಿಯಮಾವಳಿ ಎಂ.ಫಿಲ್. ಪದವಿಯನ್ನು ಕೈಬಿಟ್ಟು, ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರು ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದೆಂದಿತು. ಕರ್ನಾಟಕ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದರಿಂದ ಬಾಗೇವಾಡಿ ಕಾಲೇಜಿನ ವಿದ್ಯಾರ್ಥಿಗೆ ಎಂ.ಎ. ಮುಗಿಸದೆ ಸಂಶೋಧನೆಯ ದಾರಿ ತೆರೆಯದು. ಗಡಿಯಾಚೆಯ ಅರ್ಜುನನಗರದಲ್ಲಿ ನಾಲ್ಕು ವರ್ಷದ ಪದವಿಯ ನಿಯಮವೇ ನಡೆದಿದೆ.