ಹೊರಗೆ ನಿಂತ ವಿದ್ಯಾರ್ಥಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಆಂಟಿಗೊ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಯ ಸಾರ್ವಜನಿಕ ಶಾಲೆ ಒಬ್ಬ ಬಾಲಕನನ್ನು ಹೊರಗಿಟ್ಟ ವ್ಯಾಜ್ಯ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 1919ರಲ್ಲಿ ತೀರ್ಮಾನವಾಯಿತು. ಹುಟ್ಟಿನಿಂದಲೇ ಆ ಹುಡುಗನ ಕೈಕಾಲುಗಳಿಗೆ ಸ್ವಾಧೀನ ಸಾಲದು. ಮಾತು ತಡೆತಡೆದು ಬರುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ಬುದ್ಧಿಗೆ ಮಾತ್ರ ಯಾವ ಕೊರತೆಯೂ ಇರಲಿಲ್ಲ. ಐದನೆಯ ತರಗತಿಯವರೆಗೆ ಅದೇ ಊರಿನಲ್ಲಿ ಜೊತೆಯವರಿಗೆ ಸಮನಾಗಿ ಓದಿದ್ದನು.

ಹಾಗಾದರೆ ಹೊರಗಿಟ್ಟುದೇಕೆ? ಅವನನ್ನು ಕಂಡರೆ ಉಪಾಧ್ಯಾಯರಿಗೂ ಮಕ್ಕಳಿಗೂ ಮನಸ್ಸು ಕುಗ್ಗುತ್ತದೆ, ಹೇಸಿಗೆಯಾಗುತ್ತದೆ. ಅವನೊಬ್ಬನಿಗಾಗಿ ಉಪಾಧ್ಯಾಯರ ಹೊತ್ತು ಹೆಚ್ಚು ಹೋಗುತ್ತದೆ. ಇದು ಶಾಲಾ ಮಂಡಲಿಯ ವಾದ. ಕಿವುಡರಿಗೂ ಮಾತಿನ ದೋಷವುಳ್ಳವರಿಗೂ ಏರ್ಪಟ್ಟಿದ್ದ ಬೇರೆ ಶಾಲೆಗೆ ಅವನು ಹೋಗಲಿ ಎಂದರು, ಮನೆಯವರು ಒಪ್ಪಲಿಲ್ಲ. ಕೆಳಗಿನ ನ್ಯಾಯಾಲಯದಲ್ಲಿ ಹುಡುಗನ ಪಕ್ಷವೇ ಗೆದ್ದಿತು. ಮೇಲಿನವರು ಅದನ್ನು ತಳ್ಳಿಹಾಕಿ, ಇಂಥ ವಿಷಯದಲ್ಲಿ ಮಂಡಲಿಯ ವಿವೇಚನೆಗೆ ತಾವು ಅಡ್ಡಬರುವುದಿಲ್ಲವೆಂದರು. ಭಿನ್ನಾಭಿಪ್ರಾಯ ಬರೆದವರು ಎಷ್‌ವೈಲರ್ ಎಂಬ ನ್ಯಾಯಮೂರ್ತಿಯೊಬ್ಬರೇ.

ಹೊತ್ತಿನ ಮಾತು ನನ್ನಂಥ ಉಪಾಧ್ಯಾಯನಿಗೆ ಅರ್ಥವಾಗುತ್ತದೆ. ಹೇಸಿಗೆಯ ಮಾತು ಅರ್ಥವಾಗದು. ಮಕ್ಕಳು ಒಂದು ವಾರದಲ್ಲಿ ಒಗ್ಗಿಹೋಗುವ ಸಂಗತಿಗೆ ಹಿರಿಯರು ನ್ಯಾಯಾಲಯದ ಮೆಟ್ಟಿಲೇರುತ್ತಾರೆ!

ಮುಂದೆ 1954ರಲ್ಲಿ, ಕಪ್ಪು ಜನರ ಮಕ್ಕಳನ್ನು ಬೇರೆ ಶಾಲೆಗಳಲ್ಲಿ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ಸಾರಿತು. ಅಂಗವಿಕಲ ಮಕ್ಕಳ ತಂದೆತಾಯಿಗಳು ಈ ನ್ಯಾಯವನ್ನೇ ಹಿಡಿದು ಹೊರಟರು. ಪೆನ್ಸಿಲ್ವೇನಿಯದಲ್ಲಿಯೂ ರಾಜಧಾನಿ ವಾಷಿಂಗ್ಟನ್ನಿನಲ್ಲಿಯೂ 1972ರಲ್ಲಿ ಅವರಿಗೆ ಜಯವಾಯಿತು. ಹಣ ಸಾಲದೆಂದು ವಾಷಿಂಗ್ಟನ್ನಿನ ಅಧಿಕಾರಿಗಳು ಹೇಳಿದಾಗ ನ್ಯಾಯಾಧೀಶರು ಕೊಟ್ಟ ಉತ್ತರ ಗಟ್ಟಿಯಾದುದು: ಹಣ ಸಾಲದಿದ್ದರೆ ಕೊರತೆಯನ್ನು ಎಲ್ಲರೂ ಹಂಚಿಕೊಳ್ಳಬೇಕು, ಅದರ ಭಾರ ಈ ಮಕ್ಕಳ ಮೇಲೆಯೇ ಹೆಚ್ಚಾಗಿ ಬೀಳಕೂಡದು. 1975ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದಿತು. ಇಂಥ 10 ಲಕ್ಷ ಮಕ್ಕಳು ಸಾರ್ವಜನಿಕ ಶಾಲೆಗಳಿಂದ ಪೂರ್ತಿ ಹೊರಗುಳಿದಿದ್ದಾರೆಂದು ಆ ಕಾನೂನೇ ಒಪ್ಪಿಕೊಂಡಿತು. ಆಂಟಿಗೊ ತೀರ್ಪಿಗೆ ಆಗ 56 ವರ್ಷ. ಆ ಹುಡುಗನ ಓದಿನ ವಯಸ್ಸು ಎಂದೋ ಕಳೆದಿತ್ತು.

ನಮ್ಮ ದೇಶದಲ್ಲಿ 2016ರ ಕಾಯಿದೆ, ಗೊತ್ತುಪಡಿಸಿದ ಪ್ರಮಾಣದ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ, ಆರಿಸಿಕೊಳ್ಳುವುದು ಮಗುವಿಗೆ ಬಿಟ್ಟದ್ದು. ಆಂಟಿಗೊದಲ್ಲಿ ಆ ಆಯ್ಕೆ ಮಂಡಲಿಯ ಕೈಯಲ್ಲಿತ್ತು.